ಟ್ಯಾಬ್ ಕೊಳ್ಳುವ ಮುನ್ನ ಪಠ್ಯಪುಸ್ತಕ ತೆರೆದು ನೋಡಿ

ನಾಗಣಸೂರಿನಂಥ ಊರಿನಲ್ಲಿ ಮೊಬೈಲ್ ಕೊಳ್ಳಲು ಯಾರೂ ಮನೆಮಂದಿಯನ್ನೆಲ್ಲ ಕೂಡಿಸಿ ಮಾತಾಡುವುದಿಲ್ಲ. ಹಳೆಯದು ಕೆಟ್ಟಿತೆಂದರೆ ಹೊಸದು ಬಂತು, ಅಷ್ಟೆ. ಟ್ಯಾಬ್ ವಿಷಯ ಬಂದಾಗ ಮಾತ್ರ ಲೆಕ್ಕ ಶುರುವಾಗುತ್ತದೆ. ತೊಗರಿ ಮಾರಿದ ದುಡ್ಡು ಕೈಗೆ ಬರುವುದು ಜನವರಿ, ಫೆಬ್ರುವರಿಯಲ್ಲಿ. ಶಾಲೆ ತೆರೆಯುವುದು ಜೂನ್ ನಡುವಿಗೆ. ಅಷ್ಟರೊಳಗೆ ಒಂದು ಲಗ್ನ, ಒಂದು ಜಾತ್ರೆ, ಮುಂಗಾರಿನ ಬೀಜ, ಗೊಬ್ಬರ ಎಲ್ಲ ಬಂದು ಕೂತಿರುತ್ತವೆ. “ಮೊಬೈಲ್ ಅದಲ್ಲೊ, ಮತ್ತ ಇದ್ಯಾಕ್ ಬೇಕು?” ಎಂದು ಅಪ್ಪ ಕೇಳುತ್ತಾನೆ. “ಓದಲಿಕ್ಕ” ಎನ್ನುತ್ತಾನೆ ಮಗ. ಅಪ್ಪನ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಮಗನ ಉತ್ತರ ಮಾತ್ರ ಅರ್ಧಕ್ಕೇ ನಿಂತಿದೆ. ಏನನ್ನು ಓದಲಿಕ್ಕೆ, ಯಾವ ಭಾಷೆಯಲ್ಲಿ ಓದಲಿಕ್ಕೆ ಎಂಬುದು ಇತ್ಯರ್ಥವಾದರೆ ಟ್ಯಾಬ್ ಬೇಕೋ ಬೇಡವೋ ಎಂಬುದೂ ಇತ್ಯರ್ಥವಾಗುತ್ತದೆ.

ಸೊಲ್ಲಾಪುರದಿಂದ ವಾಡಿಗೆ ಹೋಗುವ ರೈಲು ಅಕ್ಕಲಕೋಟ ರೋಡ್ ದಾಟಿದ ಮೇಲೆ, ದುಧನಿಗೆ ಮುಂಚೆ, ನಾಗಣಸೂರು ಸಿಗುತ್ತದೆ. ಆಡಳಿತ ಮಹಾರಾಷ್ಟ್ರದ್ದು, ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಮತ್ತು ಜತ್ತ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲೇ ಹೇಳಿತ್ತು. ಅದು ಬೇರೆಯೇ ಕಥೆ, ಇನ್ನೂ ಮುಗಿಯದ ಕಥೆ. ಅದೇ 1967ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆಯ ಹೆಸರು ಮಾತ್ರ ಈ ಸೀಮೆಯ ಪ್ರತಿ ಮಗುವಿಗೂ ಗೊತ್ತು: ಬಾಲಭಾರತಿ. ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಮರಾಠಿ, ಉರ್ದು, ಹಿಂದಿ, ಇಂಗ್ಲಿಷ್, ಗುಜರಾತಿ, ಸಿಂಧಿ, ತೆಲುಗುಗಳ ಜೊತೆಗೆ ಕನ್ನಡದಲ್ಲೂ ಅಚ್ಚು ಹಾಕುವುದು ಅದೇ. ಪುಸ್ತಕಗಳ ಪಿಡಿಎಫ್ ಕೂಡ ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಮೊಬೈಲಿನಲ್ಲಿ ಆಗದೆ ಟ್ಯಾಬಿನಲ್ಲಿ ಮಾತ್ರ ಆಗುವ ಕೆಲಸ ಇಲ್ಲಿಂದಲೇ ಕಾಣಿಸತೊಡಗುತ್ತದೆ. ಒಂದು ಪಟ್ಟಿ ಹಿಡಿದು ಅಳೆದರೆ ಸಾಕು. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಆರೂವರೆ ಇಂಚಿನ ಮೊಬೈಲ್ ಪರದೆಯ ಅಗಲ ಏಳು ಸೆಂಟಿಮೀಟರಿಗೂ ಕಡಿಮೆ. ಅಷ್ಟು ದೊಡ್ಡ ಪುಟವನ್ನು ಅದರಲ್ಲಿ ಹಿಡಿಸಿದರೆ ಎಲ್ಲ ಮೂರನೇ ಒಂದು ಪಾಲಿಗೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ 4 ಪಾಯಿಂಟಿಗೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರವನ್ನಾದರೂ ಊಹಿಸಿಕೊಂಡು ಓದಬಹುದೇನೋ. ಕನ್ನಡದಲ್ಲಿ ಅರ್ಥವೆಲ್ಲ ಅಕ್ಷರದ ಕೆಳಗೆ ತೂಗುಬಿದ್ದ ಒತ್ತಕ್ಷರದಲ್ಲಿರುತ್ತದೆ. ‘ಸ್ವಾತಂತ್ರ್ಯ’ ಎಂಬ ಒಂದು ಪದವನ್ನು ಆ ಅಳತೆಯಲ್ಲಿ ಓದಿ ನೋಡಿ. ಹುಡುಗರು ಏನು ಮಾಡುತ್ತಾರೆ? ಎರಡು ಬೆರಳಿನಿಂದ ಪುಟ ಹಿಗ್ಗಿಸುತ್ತಾರೆ, ಸಾಲಿನ ಕೊನೆಗೆ ಸರಿಸುತ್ತಾರೆ, ಮತ್ತೆ ಹಿಂದಕ್ಕೆ ಎಳೆಯುತ್ತಾರೆ. ಹತ್ತು ಸಾಲು ಆಗುವುದರೊಳಗೆ ಬೇಸರ ಬಂದು ಯೂಟ್ಯೂಬ್ ತೆರೆಯುತ್ತಾರೆ. ಹತ್ತು ಇಂಚಿನ ಟ್ಯಾಬನ್ನು ಅಡ್ಡ ಹಿಡಿದರೆ ಅದರ ಅಗಲವೇ 21 ಸೆಂಟಿಮೀಟರ್ ಮೀರುತ್ತದೆ. ಪುಟದ ಅರ್ಧ ಭಾಗ, ಅಚ್ಚಿನ ಪುಸ್ತಕದಲ್ಲಿ ಇದ್ದಷ್ಟೇ ದೊಡ್ಡದಾಗಿ, ಕಣ್ಣ ಮುಂದೆ ಬರುತ್ತದೆ. ನಕ್ಷೆ, ಸಮೀಕರಣ, ಹೂವಿನ ಅಡ್ಡಕೊಯ್ತದ ಚಿತ್ರ, ಎಲ್ಲ ಓದುವ ಹಾಗಿರುತ್ತವೆ. ಟ್ಯಾಬಿನ ಪರವಾಗಿ ಹೇಳಬಹುದಾದ ದೊಡ್ಡ ಮಾತು ಇದು. ಉಳಿದ ಜಾಹೀರಾತಿನ ಮಾತುಗಳೆಲ್ಲ ಇದರ ಮುಂದೆ ಸಣ್ಣವು.

ಹಾಗಾದರೆ ಎಲ್ಲರೂ ಕೊಳ್ಳಲಿ, ಸರ್ಕಾರವೇ ಶಾಲೆಗೆಲ್ಲ ಹಂಚಲಿ ಎನ್ನೋಣವೇ? ಇಲ್ಲಿ ಸ್ವಲ್ಪ ತಡೆಯಬೇಕು. ಯಂತ್ರ ಮೊದಲು ಬಂದು ಭಾಷೆ ಆಮೇಲೆ ಬಂದ ಉದಾಹರಣೆಗಳು ಬೇಕಾದಷ್ಟಿವೆ, ಕೆಲವು ಮಹಾರಾಷ್ಟ್ರದಲ್ಲೇ ಇವೆ. ‘ಮಗುವಿಗೊಂದು ಲ್ಯಾಪ್‌ಟಾಪ್’ ಎಂಬ ಅಮೆರಿಕದ ಯೋಜನೆ 2007ರಲ್ಲಿ ಭಾರತದ ಮೊದಲ ಪ್ರಯೋಗಕ್ಕೆ ಆರಿಸಿಕೊಂಡದ್ದು ರಾಯಗಡ ಜಿಲ್ಲೆಯ ಖೈರಾಟ ಎಂಬ ಹಳ್ಳಿಯ ಪುಟ್ಟ ಶಾಲೆಯನ್ನು. ಅದೇ ಲ್ಯಾಪ್‌ಟಾಪನ್ನು ಪೆರು ದೇಶ ಲಕ್ಷಗಟ್ಟಲೆ ಕೊಂಡು ಹಂಚಿತು. ಅಲ್ಲಿನ 319 ಹಳ್ಳಿ ಶಾಲೆಗಳನ್ನು ಪರೀಕ್ಷಿಸಿ ನೋಡಿ 2012ರಲ್ಲಿ ವರದಿ ಪ್ರಕಟಿಸಿದವರಿಗೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ. ನಮ್ಮ ಕೇಂದ್ರ ಸರ್ಕಾರ 2011ರ ಅಕ್ಟೋಬರ್ 5ರಂದು ‘ಆಕಾಶ್’ ಟ್ಯಾಬ್ ಬಿಡುಗಡೆ ಮಾಡಿದಾಗ ಎಷ್ಟು ಗದ್ದಲವಾಗಿತ್ತೆಂದು ಹಲವರಿಗೆ ನೆನಪಿರಬಹುದು. ಜಗತ್ತಿನಲ್ಲೇ ಅಗ್ಗದ ಟ್ಯಾಬ್ ಎಂದರು. ಏಳು ಇಂಚಿನ ಪರದೆಯನ್ನು ಮುಟ್ಟಿದರೆ ಸಾಲದು, ಅದುಮಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಅದರೊಳಗಿದ್ದ ಆಂಡ್ರಾಯ್ಡ್ 2.2ಕ್ಕೆ ಕನ್ನಡವೇ ಬರುತ್ತಿರಲಿಲ್ಲ. ಆಂಡ್ರಾಯ್ಡ್‌ಗೆ ಕನ್ನಡ ಸೇರಿದ್ದು 2012ರ 4.1ನೇ ಆವೃತ್ತಿಯಲ್ಲಿ. 2010ರಲ್ಲಿ ಬಂದ ಐಪ್ಯಾಡ್‌ಗೆ ಆಪಲ್‌ನದೇ ಕನ್ನಡ ಕೀಲಿಮಣೆ ಸಿಕ್ಕಿದ್ದಂತೂ 2017ರಲ್ಲಿ.

ತೀರ ಹತ್ತಿರದ ಪ್ರಸಂಗ ಅಂಗನವಾಡಿಯದು. ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರಿಗೆ 2019ರಲ್ಲಿ ಸರ್ಕಾರ ಮೊಬೈಲ್ ಕೊಟ್ಟಿತು. 2021ರ ಆಗಸ್ಟ್‌ನಲ್ಲಿ ಅವರು ಸಾಲುಗಟ್ಟಿ ನಿಂತು ಅವನ್ನು ವಾಪಸ್ ಕೊಟ್ಟರು. 2 ಜಿಬಿ ರ್‍ಯಾಮ್‌ನ ಫೋನು ಬಿಸಿಯಾಗುತ್ತದೆ, ನಿಂತುಹೋಗುತ್ತದೆ, ರಿಪೇರಿ ಖರ್ಚು ತಮ್ಮ ತಲೆಗೇ ಬರುತ್ತದೆ ಎಂಬುದು ಒಂದು ದೂರು. ಕೆಲಸದ ಮಾಹಿತಿ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮರಾಠಿಯಲ್ಲಿ ತುಂಬಲು ಆಗುವುದಿಲ್ಲ, ಎಲ್ಲ ಇಂಗ್ಲಿಷ್ ಎಂಬುದು ಇನ್ನೊಂದು. ರಾಜ್ಯದ ಭಾಷೆಯಾದ ಮರಾಠಿಗೇ ಆಗ ಈ ಪಾಡಾಗಿದ್ದರೆ, ಗಡಿ ಊರಿನ ಕನ್ನಡದ ಪಾಡು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಉಲ್ಟಾ ನಡೆದದ್ದು ಸೊಲ್ಲಾಪುರ ಜಿಲ್ಲೆಯಲ್ಲೇ. ಮಾಢಾ ತಾಲ್ಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ಬಂದ ರಣಜಿತ್‌ಸಿಂಹ ಡಿಸಲೆ ಮಾಸ್ತರರು ಯಂತ್ರ ಹಂಚುವ ಕೆಲಸಕ್ಕೆ ಕೈಹಾಕಲಿಲ್ಲ, ಪುಸ್ತಕಕ್ಕೆ ಕೈಹಾಕಿದರು. ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿ, ಅದರ ಹಿಂದೆ ಹಾಡು, ಕಥೆ, ಪಾಠದ ವಿಡಿಯೊ ಜೋಡಿಸಿದರು. ಮನೆಯಲ್ಲಿದ್ದ ಯಾವ ಸ್ಮಾರ್ಟ್‌ಫೋನಾದರೂ ನಡೆಯುತ್ತಿತ್ತು. 2020ರ ಡಿಸೆಂಬರ್‌ನಲ್ಲಿ ಅವರಿಗೆ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಅರ್ಧ ಹಣವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿಬಿಟ್ಟರು. ಪ್ರಶಸ್ತಿ ಕೊಟ್ಟ ವಾರ್ಕಿ ಫೌಂಡೇಷನ್ ಅವರ ಪರಿಚಯದಲ್ಲಿ ಬರೆದ ಒಂದು ಸಂಗತಿ ಕನ್ನಡ ಓದುಗರಿಗೆ ವಿಶೇಷ: ಪಠ್ಯ ತಮ್ಮ ಮಕ್ಕಳ ಮನೆಮಾತಿನಲ್ಲಿ, ಅಂದರೆ ಕನ್ನಡದಲ್ಲಿ, ಇಲ್ಲವೆಂದು ಕಂಡು ಅವರೇ ಕನ್ನಡ ಕಲಿತರಂತೆ. ಕ್ಯೂಆರ್ ಕೋಡ್ ಇರುವ ಪುಸ್ತಕ ಆಮೇಲೆ ಮಹಾರಾಷ್ಟ್ರದ್ದಾಯಿತು, ಎನ್‌ಸಿಇಆರ್‌ಟಿಯದೂ ಆಯಿತು. ಜಗತ್ತು ಮೆಚ್ಚಿದ ಈ ‘ತಂತ್ರಜ್ಞಾನ’ದಲ್ಲಿ ಟ್ಯಾಬಿನ ಖರ್ಚು ಸೊನ್ನೆ.

ಕನ್ನಡವನ್ನು ಮೊದಲೇ ನೆನೆದ ಯಂತ್ರವೂ ಒಂದಿತ್ತು ಅನ್ನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್. ಅಂಗೈಗಿಂತ ತುಸು ದೊಡ್ಡದು, ಕಡ್ಡಿಯಿಂದ ಬರೆಯುವಂಥದ್ದು, ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವಂಥದ್ದು. ಐಪ್ಯಾಡ್ ಬರುವುದಕ್ಕೆ ಒಂಬತ್ತು ವರ್ಷ ಮೊದಲು! ಅಂಗಡಿಗೆ ಬಂದದ್ದು ತಡವಾಗಿ, ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲ್ ಎಲ್ಲವನ್ನೂ ನುಂಗಿಬಿಟ್ಟಿತ್ತು.

ಇಷ್ಟೆಲ್ಲ ತಿಳಿದೂ ಕೊಳ್ಳಲೇಬೇಕೆಂದವರು ಸೊಲ್ಲಾಪುರದ ನವಿ ಪೇಟೆಗೆ ಹೋದಾಗ ಮಾಡಬೇಕಾದ ಕೆಲಸ ಒಂದಿದೆ. ಅಂಗಡಿಯವನು ತೋರಿಸುವ ಸಿನಿಮಾ ತುಣುಕು ನೋಡುತ್ತ ನಿಲ್ಲಬಾರದು. ಬಾಲಭಾರತಿಯ ಹತ್ತನೆಯ ತರಗತಿಯ ಕನ್ನಡ ವಿಜ್ಞಾನ ಪುಸ್ತಕ ತೆರೆಸಿ, ನಡುವಿನ ಪುಟಕ್ಕೆ ಸರಿಸಿ, ಮಗನ ಕೈಗೆ ಕೊಟ್ಟು ಓದಿಸಬೇಕು. ಪುಟ ತಿರುವುವಾಗ ಗಕ್ಕನೆ ನಿಂತರೆ, ಆ ಟ್ಯಾಬ್ ಎಷ್ಟೇ ಅಗ್ಗವಿದ್ದರೂ ಬೇಡ. ಎಂಟು ಇಂಚಿನದು ಕೈಗೆ ಹಗುರ, ಜೇಬಿಗೂ ಹಗುರ. ಆದರೆ ಓದಿಗಾಗಿಯೇ ಕೊಳ್ಳುವವರು ಹತ್ತು ಇಂಚಿಗಿಂತ ಕೆಳಗೆ ಇಳಿಯದಿರುವುದು ವಾಸಿ. ವೈಫೈ ಮಾತ್ರ ಇರುವ ಟ್ಯಾಬ್ ಸಿಮ್ ಹಾಕುವ ಟ್ಯಾಬಿಗಿಂತ ಎರಡು ಮೂರು ಸಾವಿರ ಕಡಿಮೆಗೆ ಸಿಗುತ್ತದೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದ ಊರಿನಲ್ಲಿ ವೈಫೈ ಎಂದರೆ ಅಪ್ಪನ ಮೊಬೈಲಿನ ಹಾಟ್‌ಸ್ಪಾಟ್. ಅಪ್ಪ ಹೊಲಕ್ಕೆ ಹೋದರೆ ನೆಟ್ಟೂ ಹೊಲಕ್ಕೆ ಹೋಯಿತು. ಇದನ್ನು ಅನನುಕೂಲ ಎನ್ನುವವರು ಹೆಚ್ಚು. ಪಠ್ಯವನ್ನೆಲ್ಲ ಮೊದಲೇ ಇಳಿಸಿಟ್ಟುಕೊಂಡಿದ್ದರೆ ಇದು ಅನುಕೂಲವೇ. ಸಿಮ್ ಇಲ್ಲದ ಟ್ಯಾಬ್ ಹಗಲೆಲ್ಲ ಬರೀ ಪುಸ್ತಕವಾಗಿರುತ್ತದೆ, ರಾತ್ರಿ ಹಿರಿಯರು ಮನೆಯಲ್ಲಿದ್ದಾಗ ಮಾತ್ರ ನೆಟ್ ಬರುತ್ತದೆ.

ಬಿಸಿಲಿನ ವಿಚಾರ ಯಾವ ಡಬ್ಬಿಯ ಮೇಲೂ ದಪ್ಪಕ್ಷರದಲ್ಲಿ ಇರುವುದಿಲ್ಲ. ಐಪ್ಯಾಡ್ ಬಳಸುವ ಜಾಗದ ಉಷ್ಣತೆ 0ರಿಂದ 35 ಡಿಗ್ರಿಯೊಳಗೆ ಇರಬೇಕೆಂದು ಆಪಲ್ ಸಂಸ್ಥೆಯೇ ಹೇಳುತ್ತದೆ. ಸೊಲ್ಲಾಪುರದ ಮೇ ತಿಂಗಳು 42 ಡಿಗ್ರಿ ದಾಟುತ್ತದೆ. ಪತ್ರಾಸಿನ ಮನೆಯಲ್ಲಿ ಮಧ್ಯಾಹ್ನ ಚಾರ್ಜಿಗೆ ಹಾಕಿ, ಅದರ ಮೇಲೇ ಆಟ ಆಡಿದರೆ ಬ್ಯಾಟರಿಯ ಆಯುಷ್ಯ ಬೇಗ ಮುಗಿಯುತ್ತದೆ. ಬೆಳಗಿನ ಜಾವ ಚಾರ್ಜು ಮಾಡಿಕೊಳ್ಳುವುದು ರೂಢಿಯಾಗಬೇಕು. ಆ ಹೊತ್ತಿಗೆ ಲೈಟ್ ಇದ್ದರೆ. ಹಪ್ತೆಯ ಮೇಲೆ ತರುವವರು ಈ ಲೆಕ್ಕವನ್ನೂ ಹಾಕಬೇಕು: ಕಡೆಯ ಹಪ್ತೆ ಕಟ್ಟುವ ತನಕ ಬ್ಯಾಟರಿ ಬಾಳಬೇಕಲ್ಲ.

ತಂದ ಮೇಲೆ ಹೊಂದಿಕೊಳ್ಳುವುದು ಇನ್ನೊಂದು ಪಾಠ. ಮೊಬೈಲಿನಲ್ಲಿ ಎರಡು ಹೆಬ್ಬೆರಳಿನಿಂದ ಟೈಪು ಮಾಡಿ ರೂಢಿಯಾದವರಿಗೆ ಟ್ಯಾಬಿನ ಕೀಲಿಮಣೆಯ ನಡುವಿನ ಅಕ್ಷರಕ್ಕೆ ಬೆರಳೇ ಎಟಕುವುದಿಲ್ಲ. ಅದನ್ನು ಕೆಳಗಿಟ್ಟು ಬರೆಯಬೇಕು. ಆದರೆ ಈ ಕಡೆಯ ಮನೆಗಳಲ್ಲಿ ಮೇಜು ಕುರ್ಚಿಗಿಂತ ಚಾಪೆಯ ಮೇಲಿನ ಓದೇ ಹೆಚ್ಚು. ನೆಲದ ಮೇಲಿಟ್ಟರೆ ಕತ್ತು ನೋಯುತ್ತದೆ. ಅದಕ್ಕೆ ಸಾವಿರ ರೂಪಾಯಿಯ ಸ್ಟ್ಯಾಂಡ್ ಬೇಡ. ಪುರಾಣ ಓದುವ ಮರದ ವ್ಯಾಸಪೀಠ ಮನೆಯಲ್ಲಿದ್ದರೆ ಟ್ಯಾಬ್ ಅದರಲ್ಲಿ ಸರಿಯಾಗಿ ಕೂರುತ್ತದೆ. ಭಾಷೆ ಬದಲಿಸುವ ಗೋಳದ ಗುಂಡಿ ಈ ಊರಿನವರಿಗೆ ಬೇರೆ ಊರಿನವರಿಗಿಂತ ಹೆಚ್ಚು ಬೇಕು. ತಹಶೀಲಿನ ಅರ್ಜಿ ಮರಾಠಿಯಲ್ಲಿ, ಅಕ್ಕನಿಗೆ ಬರೆಯುವ ಸಂದೇಶ ಕನ್ನಡದಲ್ಲಿ. ಗೂಗಲ್ ತನ್ನ ಧ್ವನಿ ಟೈಪಿಂಗಿಗೆ ಕನ್ನಡ, ಮರಾಠಿ ಎರಡನ್ನೂ ಒಟ್ಟಿಗೇ, 2017ರ ಆಗಸ್ಟ್‌ನಲ್ಲಿ ಸೇರಿಸಿತು. ಅದರ ಮುಂದೆ “ನಾಳಿಗಿ ಬರ್ತೀನಿ ನೋಡವ್ವಾ” ಎಂದರೆ ಏನಾದರೊಂದು ಎಡವಟ್ಟು ಬರೆದೀತು; ಪುಸ್ತಕದ ಕನ್ನಡ ಮಾತಾಡಿದರೆ ತಿಳಿದುಕೊಳ್ಳುತ್ತದೆ. ಹಳೆಯ ನುಡಿ, ಬರಹ ಫಾಂಟಿನ ಕಡತಗಳದೂ ಇಂಥದ್ದೇ ರಗಳೆ. ಯುನಿಕೋಡಿಗೆ ಬದಲಿಸಿಕೊಳ್ಳದಿದ್ದರೆ ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಮಗನ ಓದಿಗೆಂದು ಬಂದ ಟ್ಯಾಬ್ ರಾತ್ರಿ ಅಜ್ಜಿಯ ಪಾಲಾದರೆ ದುಡ್ಡು ವಸೂಲಾದಂತೆ. ‘ವಚನ ಸಂಚಯ’ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ಸೊನ್ನಲಿಗೆಯ, ಅಂದರೆ ಇದೇ ಸೊಲ್ಲಾಪುರದ, ಸಿದ್ಧರಾಮನವೂ ಇವೆ. ಕನ್ನಡಕ ಹಾಕಿದರೂ ಅಚ್ಚಿನ ಅಕ್ಷರ ಕಾಣದ ಕಣ್ಣಿಗೆ ಹತ್ತು ಇಂಚಿನ ಪರದೆಯಲ್ಲಿ ಅಕ್ಷರ ಬೇಕಾದಷ್ಟು ಹಿಗ್ಗುತ್ತದೆ.

ಇನ್ನು ಸರ್ಕಾರದ ಟ್ಯಾಬ್. ನಾಗಪುರದ ‘ಮಹಾಜ್ಯೋತಿ’ ಸಂಸ್ಥೆ ಹಿಂದುಳಿದ ವರ್ಗ ಮತ್ತು ಅಲೆಮಾರಿ ಸಮುದಾಯಗಳ, ಹತ್ತನೆಯದು ಮುಗಿಸಿ ವಿಜ್ಞಾನಕ್ಕೆ ಸೇರಿದ ಮಕ್ಕಳಿಗೆ ಜೆಇಇ, ನೀಟ್, ಸಿಇಟಿ ತರಬೇತಿಗೆಂದು ಪುಕ್ಕಟೆ ಟ್ಯಾಬ್ ಮತ್ತು ದಿನಕ್ಕೆ 6 ಜಿಬಿ ಡೇಟಾ ಕೊಡುತ್ತದೆ. ಒಳ್ಳೆಯ ಯೋಜನೆ, ಅಕ್ಕಲಕೋಟದ ಅರ್ಹ ಮಕ್ಕಳು ಅರ್ಜಿ ಹಾಕದೆ ಬಿಡಬಾರದು. ಆದರೆ ಹತ್ತನೆಯವರೆಗೆ ‘ವೇಗೋತ್ಕರ್ಷ’, ‘ದ್ಯುತಿಸಂಶ್ಲೇಷಣೆ’ ಎಂದು ಕನ್ನಡದಲ್ಲಿ ಓದಿದ ಹುಡುಗಿ ಹನ್ನೊಂದಕ್ಕೆ ಕಾಲಿಟ್ಟಾಗ ಎಡವುವುದು ವಿಜ್ಞಾನದಲ್ಲಲ್ಲ, ಅದರ ಇಂಗ್ಲಿಷ್ ಹೆಸರುಗಳಲ್ಲಿ. ಆಕೆಗೆ ಮೊದಲು ಬೇಕಾದದ್ದು ಎಂಟರಿಂದ ಹತ್ತರವರೆಗಿನ ಕನ್ನಡ ಮತ್ತು ಇಂಗ್ಲಿಷ್ ವಿಜ್ಞಾನ ಪುಸ್ತಕಗಳು ಪುಟಕ್ಕೆ ಪುಟ ಅಕ್ಕಪಕ್ಕ. ಎರಡೂ ಬಾಲಭಾರತಿಯ ಬಳಿಯೇ ಇವೆ. ಮಹಾಜ್ಯೋತಿ, ಬಾಲಭಾರತಿ ಎರಡೂ ಮಹಾರಾಷ್ಟ್ರ ಸರ್ಕಾರದ ಸಂಸ್ಥೆಗಳೇ ಆದ್ದರಿಂದ, ಟ್ಯಾಬ್ ಹಂಚುವ ಮೊದಲು ಆ ಪಿಡಿಎಫ್‌ಗಳನ್ನು ಅದರಲ್ಲಿ ತುಂಬಿಸಲು ಹೊಸ ಟೆಂಡರೂ ಬೇಡ, ಆಯೋಗವೂ ಬೇಡ. ಗಡಿನಾಡ ಕನ್ನಡ ಶಾಲೆಗಳಿಗೆ ನೆರವು ಘೋಷಿಸುವ ಬೆಂಗಳೂರು ಕೂಡ ಕಟ್ಟಡ, ಸಮಾರಂಭಗಳ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಸೇರಿಸಲಿ: ಹನ್ನೊಂದನೆಯ ತರಗತಿಯ ವಿಜ್ಞಾನ ಪದಗಳಿಗೆ ಒಂದು ಇಂಗ್ಲಿಷ್–ಕನ್ನಡ ಪದಕೋಶ, ನೆಟ್ ಇಲ್ಲದೆಯೂ ತೆರೆಯುವಂಥದ್ದು, ಮುಂದಿನ ಜೂನ್ ಒಳಗೆ.