ಚಾಳವೂ ಅದರ ಪಡಸಾಲೆಯೂ

ಹುಬ್ಬಳ್ಳಿ-ಧಾರವಾಡಗಳ ವಾಚಕರಿಗೆ ಚಾಳವೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ವರೆಗೆ ನಮ್ಮ ಜಿಲ್ಲೆಯು ಮುಂಬಯಿಗೆ ಸೇರಿದ್ದಿತು. ಕಾಯದೆ-ಕಚೇರಿಗಳೊಡನೆ ಈ ಮರಾಠಿ ಶಬ್ದವೂ ನಮ್ಮದಾಯಿತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ಉಗಿಬಂಡಿಯೂ ಅದರ ಕಾರಖಾನೆಯೂ ಬಂದ ಮೇಲೆ, ಸಂಬಳದ ಮೇಲೆ ಬಾಳುವ ಸಂಸಾರಗಳಿಗೆ ಅಗ್ಗದ ಬಿಡಾರಗಳು ಬೇಕಾದವು. ಸಾಲಾಗಿ ಕೋಣೆಗಳು, ಅವುಗಳ ಮುಂದೆ ಎಲ್ಲರಿಗೂ ಸೇರಿದ ಒಂದೇ ಪಡಸಾಲೆ. ಇದೇ ಚಾಳದ ಲಕ್ಷಣವು.

ಈ ಕಟ್ಟಡದ ತವರುಮನೆ ಮುಂಬಯಿ. ಅರಳೆಯ ಗಿರಣಿಗಳು ಹೆಚ್ಚಿದಂತೆ ಅಲ್ಲಿ ಮಾಳಿಗೆಯ ಮೇಲೆ ಮಾಳಿಗೆಯನ್ನೇರಿಸಿ ಚಾಳಗಳನ್ನು ಕಟ್ಟಿದರು. ಗಿರಗಾಂವದ ಕೇಶವಜಿ ನಾಯಕ ಚಾಳದಲ್ಲಿ 1893ರಲ್ಲಿಯೇ ಸಾರ್ವಜನಿಕ ಗಣೇಶೋತ್ಸವವು ಆರಂಭವಾಯಿತು. ಒಂದು ಕೋಣೆಯಲ್ಲಿ ಹಿಡಿಸದ ಹಬ್ಬವು ನೆರೆಹೊರೆಯವರು ಕೂಡಿದಲ್ಲಿ ಹಿಡಿಸಿತು!

ಆದರೆ ಚಾಳವನ್ನು ಬರಿದೆ ಹೊಗಳುವದು ನ್ಯಾಯವಲ್ಲ. ಇಕ್ಕಟ್ಟು, ನಳದ ಮುಂದಿನ ಸಾಲು, ಹಂಚಿಕೊಂಡ ಪಾಯಖಾನೆ, ಇವುಗಳ ಕಷ್ಟವನ್ನು ಗೃಹಿಣಿಯರೇ ಬಲ್ಲರು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. 1898ರಲ್ಲಿ ಹುಬ್ಬಳ್ಳಿಯೂ ಅದರಿಂದ ತತ್ತರಿಸಿತು. ಅದೇ ವರ್ಷ ಮುಂಬಯಿಯಲ್ಲಿ ನಗರಸುಧಾರಣೆಗಾಗಿ ಒಂದು ಮಂಡಲವನ್ನೇ ನೇಮಿಸಿದರು. ಮುಂದೆ 1920ರ ದಶಕದಲ್ಲಿ ಸರಕಾರದ ಅಭಿವೃದ್ಧಿ ಖಾತೆಯು ವರಳಿ, ನಾಯಗಾಂವ, ಡಿಲಾಯಿಲ್ ರಸ್ತೆ, ಶಿವಡಿಗಳಲ್ಲಿ ಕಾಂಕ್ರೀಟಿನ ಚಾಳಗಳನ್ನು ಕಟ್ಟಿಸಿತು. ಇವೇ ಬೀ.ಡೀ.ಡೀ. ಚಾಳಗಳು. ನೆಲಮಜಲು ಸೇರಿ ನಾಲ್ಕು ಅಂತಸ್ತು, ಚಾಳವೊಂದಕ್ಕೆ 80 ಕೋಣೆಗಳು, ಕೋಣೆಯೊಂದಕ್ಕೆ ಸುಮಾರು 160 ಚದರ ಫೂಟು. ಇಲ್ಲಿ ತೆರೆದ ಪಡಸಾಲೆಯಿಲ್ಲ. ನಡುವೆ ಓಣಿ, ಅದರ ಎರಡೂ ಬದಿಗೆ ಕೋಣೆಗಳು. ಗಟ್ಟಿತನವು ಹೆಚ್ಚಿತು, ಆದರೆ ಹಾದಿಗೆ ಬೆಳಕು ಕಡಿಮೆಯಾಯಿತು.

ಈಗ ಅವೂ ಅಳಿಯತೊಡಗಿವೆ. 2025ರ ಆಗಸ್ಟಿನಲ್ಲಿ ವರಳಿಯ 556 ಸಂಸಾರಗಳಿಗೆ ಗಗನಚುಂಬಿ ಕಟ್ಟಡದಲ್ಲಿ 500 ಚದರ ಫೂಟಿನ ಹೊಸ ಮನೆಗಳ ಬೀಗದಕೈ ದೊರೆಯಿತು. ತಲೆಮಾರುಗಳ ವರೆಗೆ ಒಂದೇ ಕೋಣೆಯಲ್ಲಿ ಬಾಳಿದವರಿಗೆ ಇದು ನ್ಯಾಯವಾದ ಸುಖವೇ ಸರಿ. ಹಳೆಯ ಗೋಡೆಗಳ ಮೋಹಕ್ಕಾಗಿ ಅವರನ್ನು ಅಲ್ಲಿಯೇ ಇರಿಸೆನ್ನುವ ಹಕ್ಕು ನಮಗಿಲ್ಲ.

ಆದರೂ ಒಂದು ಮಾತು. ನಮ್ಮ ಅವಳಿ ನಗರದಲ್ಲಿಯೂ ಇಂದು ಬಹುಮಜಲಿನ ಮನೆಗಳೇಳುತ್ತಿವೆ. ಕೊಳ್ಳುವ ಗೃಹಸ್ಥರು ಕೋಣೆಗಳನ್ನು ಅಳೆಯುವರು, ಅಡಿಗೆಮನೆಯ ಕಲ್ಲನ್ನು ತಟ್ಟಿ ನೋಡುವರು. ಬಾಗಿಲ ಹೊರಗಿನ ಹಾದಿಯನ್ನು ಮಾತ್ರ ಯಾರೂ ನೋಡರು. ಅದಕ್ಕೆ ಬಿಸಿಲು-ಗಾಳಿಗಳುಂಟೇ? ಮುದುಕರು ಸಂಜೆಗೆ ಒಂದು ಗಳಿಗೆ ಕೂತಾರೇ? ಮಕ್ಕಳು ಕಣ್ಣೆದುರಿನಲ್ಲಿ ಆಡಿಯಾರೇ? ಚಾಳದ ಬಡತನವು ತೊಲಗಲಿ. ಅದರ ಪಡಸಾಲೆಯನ್ನು ಮಾತ್ರ ನಾವು ಕೇಳಿ ಪಡೆಯೋಣ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕೂಗಿದರೆ ಓಗೊಡುವವರು ಅಲ್ಲಿಂದಲೇ ಬರುವರು.