ಕಸವೂ ಅಲ್ಲ, ಸಂಜೀವಿನಿಯೂ ಅಲ್ಲ

ಒಂದು ಮನೆಯ ತಿಪ್ಪೆಯನ್ನು ನೋಡಿ ಆ ಮನೆಯವರ ಬಾಳನ್ನು ಊಹಿಸಬಹುದೆಂದರೆ ಯಾರೂ ಆಶ್ಚರ್ಯಪಡಲಾರರು. ಆದರೆ ತಿಪ್ಪೆಯೆಂದು ನಾವು ಕಡೆಗಣಿಸಿದ ರಾಶಿಯಲ್ಲಿ ಆ ಮನೆಯವರು ನೆರೆಹೊರೆಗೆ ಬರೆದ ಓಲೆಗಳೇ ಇದ್ದುವೆಂದು ತಿಳಿದುಬಂದರೆ? ಜೀವಕೋಶಗಳ ವಿಷಯದಲ್ಲಿ ವಿಜ್ಞಾನಿಗಳಿಗೆ ಇಂಥದೇ ಅನುಭವವಾಯಿತು. ಆ ಓಲೆಗಳನ್ನು ಈಗ ಎಕ್ಸೊಸೋಮುಗಳೆಂದು ಕರೆಯುತ್ತಾರೆ.

ಎಕ್ಸೊಸೋಮ್ ಎಂಬುದು ಕೊಬ್ಬಿನ ತೆಳುಪೊರೆಯಿಂದಾದ ಒಂದು ಪುಟ್ಟ ಚೀಲ. ಅದರ ಅಡ್ಡಳತೆ ಸುಮಾರು 30ರಿಂದ 150 ನ್ಯಾನೊಮೀಟರ್. 100 ನ್ಯಾನೊಮೀಟರ್ ಗಾತ್ರದ 10,000 ಚೀಲಗಳನ್ನು ಸಾಲಾಗಿ ಜೋಡಿಸಿದರೆ ಆ ಸಾಲಿನ ಉದ್ದ ಒಂದೇ ಒಂದು ಮಿಲಿಮೀಟರ್. ಕೋಶದೊಳಗೆ ಎಂಡೋಸೋಮ್ ಎಂಬ ಕೋಣೆಗಳಿವೆ. ಇಂಥ ಕೋಣೆಯ ಗೋಡೆಯು ಅಲ್ಲಲ್ಲಿ ಒಳಕ್ಕೆ ಉಬ್ಬಿ, ಉಬ್ಬಿದ ಭಾಗವು ಕಳಚಿಕೊಂಡು ಚೀಲವಾಗುತ್ತದೆ. ಬಳಿಕ ಕೋಣೆಯು ಕೋಶದ ಹೊರಪೊರೆಯೊಡನೆ ಬೆರೆತಾಗ ಒಳಗಿನ ಚೀಲಗಳೆಲ್ಲ ಹೊರಗೆ ಬೀಳುತ್ತವೆ.

ಇದನ್ನು ಮೊದಲು ಕಂಡದ್ದು ಎಳೆಯ ಕೆಂಪು ರಕ್ತಕಣಗಳಲ್ಲಿ. ಹಿಮೋಗ್ಲೋಬಿನ್ ತಯಾರಿಕೆಗೆ ಕಬ್ಬಿಣ ಬೇಕು. ಕಬ್ಬಿಣವನ್ನು ಹೊತ್ತು ತರುವ ಪ್ರೋಟೀನನ್ನು ಹಿಡಿದುಕೊಳ್ಳಲು ಎಳೆಯ ಕಣದ ಮೈಮೇಲೆ ಗ್ರಾಹಕಗಳಿರುತ್ತವೆ. ಕಣವು ಬಲಿತ ಮೇಲೆ ಅವುಗಳ ಅಗತ್ಯವಿಲ್ಲ. ಆಗ ಕಣವು ಅವನ್ನು ಚೀಲಗಳಲ್ಲಿ ಕಟ್ಟಿ ಹೊರಗೆ ಹಾಕುವುದನ್ನು 1983ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಪ್ರಕಟಿಸಿದುವು. ಕೆನಡದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದ ಬಿನ್-ಟಾವೊ ಪ್ಯಾನ್ ಮತ್ತು ರೋಸ್ ಜಾನ್‌ಸ್ಟೋನ್ ಕುರಿಯ ರಕ್ತದಲ್ಲಿ ಇದನ್ನು ಕಂಡರು; ಅಮೆರಿಕದ ಸೇಂಟ್ ಲೂಯಿಸಿನಲ್ಲಿರುವ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದ ಹಾರ್ಡಿಂಗ್, ಹ್ಯೂಸರ್ ಮತ್ತು ಸ್ಟಾಲ್ ಇಲಿಯ ರಕ್ತದಲ್ಲಿ ಕಂಡರು. ಬೇಡವಾದುದನ್ನು ಹೊರಗೆಸೆಯುವುದನ್ನು ಕಣ್ಣಾರೆ ಕಂಡವರು ಅದನ್ನು ಕಸವೆನ್ನದೆ ಮತ್ತೇನೆಂದಾರು? ಆ ತೀರ್ಮಾನ ಆ ಕಣದ ಮಟ್ಟಿಗೆ ಸರಿಯಾಗಿಯೇ ಇತ್ತು. ಒಂದು ಕೋಶದಲ್ಲಿ ಕಂಡುದನ್ನು ಎಲ್ಲ ಕೋಶಗಳಿಗೂ ಅನ್ವಯಿಸಿ, ಇನ್ನು ನೋಡಬೇಕಾದುದೇನೂ ಇಲ್ಲವೆಂದು ಬಹುಮಂದಿ ಸುಮ್ಮನಾದುದೇ ತಪ್ಪು.

ಈ ಮೌನವನ್ನು ಮುರಿದ ಪ್ರಯೋಗಗಳಲ್ಲಿ ಎರಡು ಮುಖ್ಯವಾದುವು. ರೋಗರಕ್ಷಣೆಯ ಬಿ ಕೋಶಗಳು ಹೊರಬಿಟ್ಟ ಚೀಲಗಳು ಟಿ ಕೋಶಗಳನ್ನು ಎಚ್ಚರಿಸಬಲ್ಲುವೆಂದು 1996ರಲ್ಲಿ ಗ್ರಾಸಾ ರಪೋಸೊ ಮತ್ತು ಸಂಗಡಿಗರು ತೋರಿಸಿದರು. 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನ ವಿಜ್ಞಾನಿಗಳು ಇಲಿಯ ಕೋಶದ ಎಕ್ಸೊಸೋಮುಗಳನ್ನು ಮನುಷ್ಯನ ಕೋಶಗಳಿಗೆ ಒದಗಿಸಿದರು. ಆ ಚೀಲಗಳಲ್ಲಿ ಆರ್‌ಎನ್‌ಎ ಇತ್ತು; ಅದರ ಆಣತಿಯಂತೆ ಮನುಷ್ಯನ ಕೋಶದಲ್ಲಿ ಇಲಿಯ ಪ್ರೋಟೀನುಗಳು ತಯಾರಾದುವು! ಓಲೆಯು ತಲಪಿತ್ತು, ಅದನ್ನು ಓದಿಯೂ ಆಗಿತ್ತು, ಓದಿದವರು ಹೇಳಿದಂತೆ ನಡೆದೂ ಇದ್ದರು.

ಕ್ಯಾನ್ಸರಿನ ಕಥೆ ಇಲ್ಲಿಂದ ಮುಂದಕ್ಕೆ ಸಾಗುತ್ತದೆ. ಸ್ತನದ ಕ್ಯಾನ್ಸರ್ ಕೆಲವು ಅಂಗಗಳಿಗೇ ಹೆಚ್ಚಾಗಿ ಹರಡುವುದೇಕೆಂದು 1889ರಲ್ಲಿ ಲಂಡನ್ನಿನ ವೈದ್ಯ ಸ್ಟೀಫನ್ ಪೇಜೆಟ್ ಕೇಳಿದ್ದನು. ಬೀಜ ಎಲ್ಲೆಡೆ ಬಿದ್ದರೂ ಒಪ್ಪುವ ನೆಲದಲ್ಲಿ ಮಾತ್ರ ಮೊಳೆಯುವುದೆಂಬುದು ಅವನ ಉತ್ತರ. ಆ ನೆಲವನ್ನು ಉತ್ತು ಹದಮಾಡುವವರು ಯಾರು? ಈ ಪ್ರಶ್ನೆಗೆ 2015ರಲ್ಲಿ ನ್ಯೂಯಾರ್ಕಿನ ಡೇವಿಡ್ ಲೈಡನ್ ಅವರ ತಂಡವು ಇಲಿಗಳಲ್ಲಿ ಒಂದು ಉತ್ತರವನ್ನು ಪಡೆಯಿತು. ಗೆಡ್ಡೆಯ ಎಕ್ಸೊಸೋಮುಗಳು ಮುಂಚಿತವಾಗಿಯೇ ಹೋಗಿ ನೆಲವನ್ನು ಅಣಿಮಾಡುತ್ತವೆ. ಅವುಗಳ ಮೈಮೇಲಿನ ಇಂಟೆಗ್ರಿನ್ ಎಂಬ ಪ್ರೋಟೀನುಗಳೇ ವಿಳಾಸ: ಒಂದು ಬಗೆಯದು ಶ್ವಾಸಕೋಶಕ್ಕೆ, ಮತ್ತೊಂದು ಬಗೆಯದು ಯಕೃತ್ತಿಗೆ. ಕೆಲವು ಗೆಡ್ಡೆಗಳ ಚೀಲಗಳು ಟಿ ಕೋಶಗಳ ಕೈಕಟ್ಟಬಲ್ಲ ಪ್ರೋಟೀನನ್ನೂ ಹೊತ್ತೊಯ್ಯುತ್ತವೆಂದು 2018ರಲ್ಲಿ ತಿಳಿದುಬಂದಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಅಂಚೆಯನ್ನು ಕ್ಯಾನ್ಸರ್ ಹೊಸದಾಗಿ ಸ್ಥಾಪಿಸಲಿಲ್ಲ. ಆರೋಗ್ಯವಂತ ಕೋಶಗಳು ನಿತ್ಯವೂ ಬಳಸುವ ಅಂಚೆಯಲ್ಲಿಯೇ ಅದು ತನ್ನ ಕಪಟದ ಓಲೆಗಳನ್ನು ಹಾಕುತ್ತಿದೆ. ಆದುದರಿಂದ ಅಂಚೆಯನ್ನೇ ನಿಲ್ಲಿಸುವುದು ಚಿಕಿತ್ಸೆಯಾಗಲಾರದು. ಓಲೆಗಳನ್ನು ಗುರುತಿಸಿ ಓದಲು ಕಲಿಯುವುದೇ ದಾರಿ. ಆ ದಾರಿಯಲ್ಲಿ ಕೆಲವು ಹೆಜ್ಜೆಗಳು ಮುಂದೆ ಬಿದ್ದಿವೆ. ಮೂತ್ರದಲ್ಲಿರುವ ಎಕ್ಸೊಸೋಮುಗಳ ಆರ್‌ಎನ್‌ಎಯನ್ನು ಅಳೆದು ಪ್ರಾಸ್ಟೇಟ್ ಕ್ಯಾನ್ಸರಿನ ಸಂಭವವನ್ನು ಅಂದಾಜುಮಾಡುವ ಪರೀಕ್ಷೆ ಅಮೆರಿಕದಲ್ಲಿ ಬಳಕೆಗೆ ಬಂದಿದೆ.

ಆದರೆ ಓದುವ ಕೆಲಸ ಸುಲಭವಲ್ಲ. ರಕ್ತದಲ್ಲಿ ಇಷ್ಟೇ ಗಾತ್ರದ ಬೇರೆ ಚೀಲಗಳೂ ಕೊಬ್ಬಿನ ಕಣಗಳೂ ತೇಲುತ್ತಿರುತ್ತವೆ. ಇವುಗಳಿಂದ ಎಕ್ಸೊಸೋಮುಗಳನ್ನು ಬೇರ್ಪಡಿಸುವುದು ರಾಗಿಯಲ್ಲಿ ಬೆರೆತ ಸಾಸಿವೆಯನ್ನು ಆರಿಸುವುದಕ್ಕಿಂತಲೂ ಕಷ್ಟ. ಒಂದು ಚೀಲವು ಎಂಡೋಸೋಮಿನಲ್ಲಿ ಹುಟ್ಟಿದುದೆಂದು ತೋರಿಸಲಾಗದಿದ್ದರೆ ಅದನ್ನು ಎಕ್ಸೊಸೋಮ್ ಎನ್ನದೆ ಬರಿದೇ ಕೋಶಬಾಹ್ಯ ಚೀಲವೆಂದು ಕರೆಯಬೇಕೆಂದು ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವೇ ವಿಜ್ಞಾನಿಗಳಿಗೆ ಸಲಹೆ ಕೊಟ್ಟಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಎಕ್ಸೊಸೋಮಿನ ಒಂದೇ ಪ್ರೋಟೀನಿನಿಂದ ತಪ್ಪಿಲ್ಲದೆ ಗುರುತಿಸಬಹುದೆಂಬ 2015ರ ವರದಿ ಜಗತ್ತಿನ ಗಮನ ಸೆಳೆಯಿತು. ಮುಂದೆ ಬೇರೆಯವರು ಪರೀಕ್ಷಿಸಿದಾಗ ಅಷ್ಟು ಖಚಿತವಾದ ಫಲ ದೊರೆಯಲಿಲ್ಲ.

ವಿಜ್ಞಾನಿಗಳು ಹೆಸರಿಡುವುದಕ್ಕೂ ಹಿಂಜರಿಯುತ್ತಿರುವಾಗ ವ್ಯಾಪಾರಿಗಳು ಬೆಲೆಯನ್ನೇ ಕಟ್ಟಿಬಿಟ್ಟಿದ್ದಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತೆ, ಸುಕ್ಕಿಗೆ, ಕೂದಲಿಗೆ, ಕೀಲುನೋವಿಗೆ, ಕಠಿಣ ರೋಗಗಳಿಗೂ ಎಕ್ಸೊಸೋಮ್ ಮದ್ದೆಂದು ಮಾರುವವರಿದ್ದಾರೆ. 2019ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ನೆಬ್ರಾಸ್ಕದಲ್ಲಿ ಇಂಥ ಚಿಕಿತ್ಸೆ ಪಡೆದ ರೋಗಿಗಳಿಗೆ ಗಂಭೀರವಾದ ತೊಂದರೆಯಾದ ವರದಿಗಳ ಮೇಲೆ, ಸಾರ್ವಜನಿಕರಿಗೆ ಎಚ್ಚರಿಕೆ ಕೊಡಬೇಕಾಯಿತು. ಅಂದು ಅದರ ಅನುಮತಿ ಪಡೆದ ಎಕ್ಸೊಸೋಮ್ ಔಷಧ ಒಂದೂ ಇರಲಿಲ್ಲ. ನೆಲವನ್ನು ಹದಮಾಡಿ ಕ್ಯಾನ್ಸರಿಗೆ ನೆರವಾಗಬಲ್ಲ ಶಕ್ತಿಯನ್ನು, ಒಳಗೇನು ಬರೆದಿದೆಯೆಂದು ಓದದೆಯೇ ಮೈಗೆ ಚುಚ್ಚಿಸಿಕೊಳ್ಳುವುದು ಜಾಣತನವೆ?

ಅಂದು ಕಸವೆಂದು ತಳ್ಳಿಹಾಕಿದುದೂ ಇಂದು ಸಂಜೀವಿನಿಯೆಂದು ಮಾರುತ್ತಿರುವುದೂ ನನ್ನ ದೃಷ್ಟಿಯಲ್ಲಿ ಒಂದೇ ತಪ್ಪಿನ ಎರಡು ಮುಖಗಳು. ಎರಡರಲ್ಲಿಯೂ ಓಲೆಯನ್ನು ಬಿಚ್ಚಿ ನೋಡುವ ಮೊದಲೇ ತೀರ್ಪು ಹೊರಟಿತು. ಮೊದಲನೆಯ ತಪ್ಪಿನಿಂದ ನಮಗೆ ಕೆಲವು ವರ್ಷಗಳು ನಷ್ಟವಾದುವು. ಎರಡನೆಯದರಿಂದ ರೋಗಿಯ ಹಣವೂ ನಂಬಿಕೆಯೂ, ಕೆಲವೊಮ್ಮೆ ಆರೋಗ್ಯವೂ ನಷ್ಟವಾಗುತ್ತವೆ. ನಾಳೆ ಪ್ರಯೋಗಶಾಲೆಯನ್ನು ಸೇರಲಿರುವ ವಿದ್ಯಾರ್ಥಿಗಳು ‘ಇದು ನಿರುಪಯೋಗಿ’ ಎಂಬ ಮಾತು ಕೇಳಿದಾಗಲೂ ‘ಇದು ಸರ್ವರೋಗ ನಿವಾರಕ’ ಎಂಬ ಮಾತು ಕೇಳಿದಾಗಲೂ ಒಂದೇ ಪ್ರಶ್ನೆಯನ್ನು ಕೇಳಲಿ: ಓಲೆಯನ್ನು ಓದಿದವರು ಯಾರು?