ಸ್ವಾತಿ ಬರೀ ಜಾತಕದ ನಕ್ಷತ್ರವಲ್ಲ



ನಮ್ಮ ಮನೆಗಳಲ್ಲಿ ನಕ್ಷತ್ರಗಳ ಹೆಸರು ಕೇಳಿಬರುವುದು ಯಾವಾಗ? ಮಗು ಹುಟ್ಟಿದಾಗ, ಜಾತಕ ನೋಡುವಾಗ, ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ. ಊರಿನ ರೈತರಿಗಾದರೆ ಸ್ವಾತಿ ಎಂದರೆ ಮಳೆ. ಆದರೆ ಆಕಾಶದಲ್ಲಿ ಸ್ವಾತಿ ಎಲ್ಲಿದೆ ಎಂದು ಕೇಳಿದರೆ ದೊಡ್ಡವರೂ ತಲೆ ಕೆರೆದುಕೊಳ್ಳುತ್ತಾರೆ. ವಿಜ್ಞಾನದ ಪುಸ್ತಕದಲ್ಲಿ ಮಕ್ಕಳು ಓದುವ ಆರ್ಕ್ಟುರಸ್ ಇದೇ ಎಂಬುದು ಬಹಳ ಮಂದಿಗೆ ತಿಳಿಯದು. ಒಂದೇ ನಕ್ಷತ್ರದ ಈ ಎರಡು ಹೆಸರುಗಳು ನಮ್ಮ ಮನೆಗಳಲ್ಲಿ ಪರಸ್ಪರ ಪರಿಚಯವಾಗದೇ ಉಳಿದಿರುವುದು ದೊಡ್ಡ ನಷ್ಟ.

ಏಕೆಂದರೆ ಸ್ವಾತಿ ನಮ್ಮ ಆಕಾಶಗಂಗೆಯ ಹಿರಿಯಜ್ಜಿ. ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ. ಸ್ವಾತಿಯದು ಸುಮಾರು 700 ಕೋಟಿ. ಒಂದು ಕಾಲಕ್ಕೆ ಸೂರ್ಯನಂತೆಯೇ ಇದ್ದ ಇದು, ಒಡಲಿನ ಹೈಡ್ರೋಜನ್ ತೀರಿದ ಮೇಲೆ ಸೂರ್ಯನ 25 ಪಟ್ಟು ಅಗಲಕ್ಕೆ ಉಬ್ಬಿ, ಕೆಂಪು ದೈತ್ಯವಾಗಿದೆ.

ಇಂತಹ ಮುದಿ ನಕ್ಷತ್ರಗಳೇ ವಿಜ್ಞಾನಿಗಳಿಗೆ ಇತಿಹಾಸದ ಶಾಸನಗಳು. ವಿಶ್ವದ ಆರಂಭದಲ್ಲಿ ಇದ್ದದ್ದು ಬಹುತೇಕ ಹೈಡ್ರೋಜನ್ ಮತ್ತು ಹೀಲಿಯಂ. ಕಬ್ಬಿಣದಂತಹ ಧಾತುಗಳು ನಕ್ಷತ್ರಗಳಲ್ಲಿ ತಯಾರಾಗಿ, ಅವು ಸಿಡಿದಾಗ ಹರಡಿ, ಪೀಳಿಗೆಯಿಂದ ಪೀಳಿಗೆಗೆ ಹೆಚ್ಚುತ್ತ ಬಂದವು. ಹುಟ್ಟಿದಾಗಿನ ಅನಿಲದ ಗುರುತನ್ನು ನಕ್ಷತ್ರದ ಹೊರಪದರ ಬಹುಮಟ್ಟಿಗೆ ಉಳಿಸಿಕೊಂಡಿರುತ್ತದೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅದನ್ನು ಓದಬಹುದು. ಸ್ವಾತಿಯಲ್ಲಿರುವ ಕಬ್ಬಿಣದ ಪ್ರಮಾಣ ಸೂರ್ಯನಲ್ಲಿರುವುದರ ಮೂರನೇ ಒಂದು ಭಾಗದಷ್ಟೇ. ದೈತ್ಯ ನಕ್ಷತ್ರಗಳು ಬಹಳ ಪ್ರಕಾಶಮಾನವಾದ್ದರಿಂದ ಗ್ಯಾಲಕ್ಸಿಯ ದೂರದ ಮೂಲೆಯ ಕಥೆಯನ್ನೂ ಹೇಳಬಲ್ಲವು.

ಈ ಓದು ಕರ್ನಾಟಕದಲ್ಲೂ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹದ ಮೂಲಕ ನಡೆಸುತ್ತಾರೆ. ಇಂತಹ ಹಳೆಯ ನಕ್ಷತ್ರಗಳ ಅಧ್ಯಯನಕ್ಕೂ ಅದು ನೆರವಾಗಿದೆ.

ಗಯಾ ಉಪಗ್ರಹದ ಮಾಹಿತಿಯಿಂದ 2018ರಲ್ಲಿ ಒಂದು ಸಂಗತಿ ತಿಳಿಯಿತು: ಸುಮಾರು 1,000 ಕೋಟಿ ವರ್ಷಗಳ ಹಿಂದೆ ಒಂದು ಚಿಕ್ಕ ಗ್ಯಾಲಕ್ಸಿ ನಮ್ಮದರಲ್ಲಿ ವಿಲೀನವಾಯಿತು. ಅದರ ನಕ್ಷತ್ರಗಳು ಇಂದಿಗೂ ನಮ್ಮ ನಡುವೆ ಇವೆ. ಸ್ವಾತಿಯ ಜೊತೆ ಸಾಗುವ ನಕ್ಷತ್ರಗಳ ಗುಂಪೂ ಒಂದಿದೆ. ಅವು ಹೊರಗಿನಿಂದ ಬಂದವೋ, ಇಲ್ಲಿಯವೇ ಎಂಬ ಚರ್ಚೆ ಮುಗಿದಿಲ್ಲ. ಅಂದರೆ ಆಕಾಶಗಂಗೆಯೂ ವಲಸೆ ಬಂದವರನ್ನು ಸೇರಿಸಿಕೊಂಡೇ ಬೆಳೆದ ಊರು. ಅವರವರ ಮೂಲದ ಗುರುತು ಅಳಿಸಿಹೋಗಿಲ್ಲ. ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಈ ಮಾತು ಬೇಗ ಅರ್ಥವಾಗಬೇಕು.

ಹಿಂದಿನವರಿಗೆ ಇದೆಲ್ಲ ಗೊತ್ತಿತ್ತು ಎಂದು ನಾನು ವಾದಿಸುತ್ತಿಲ್ಲ. ಅವರು ಆಕಾಶವನ್ನು ನೋಡಿದರು, ಹೆಸರಿಟ್ಟರು, ನೆನಪಿಟ್ಟರು. ನಾವು ಹೆಸರನ್ನು ಮಾತ್ರ ಉಳಿಸಿಕೊಂಡು ನೋಡುವುದನ್ನು ಬಿಟ್ಟಿದ್ದೇವೆ. ಮಾವೋರಿ ಜನ ಹಾಗೆ ಬಿಡಲಿಲ್ಲ. ಅವರ ಮತಾರಿಕಿಗೆ 2022ರಿಂದ ಇಡೀ ದೇಶ ರಜೆ ಕೊಡುತ್ತಿದೆ. ಅದು ನಮ್ಮ ಕೃತ್ತಿಕೆಯೇ!

ಮನುಕಾವ್‌ನಲ್ಲಿ ಜೂನ್, ಜುಲೈ ತಿಂಗಳ ಸಂಜೆ ಉತ್ತರ ದಿಕ್ಕಿಗೆ ನೋಡಿ. ಕಿತ್ತಳೆ ಬಣ್ಣದಲ್ಲಿ ಹೊಳೆಯುವುದೇ ಸ್ವಾತಿ. ಬೆಳಗಿನ ಜಾವ ಪೂರ್ವದಲ್ಲಿ ಮೂಡುವ ಕೃತ್ತಿಕೆಗೆ ಬರೀ ಸುಮಾರು 10 ಕೋಟಿ ವರ್ಷ, ಇನ್ನೂ ಕೂಸು. ಅಜ್ಜಿಯನ್ನೂ ಮೊಮ್ಮಗುವನ್ನೂ ಒಂದೇ ರಾತ್ರಿಯಲ್ಲಿ ಕಾಣುವ ಭಾಗ್ಯ ನಮ್ಮದು. ಪೋಷಕರೇ, ಈ ಚಳಿಗಾಲ ಒಂದು ಸಂಜೆ ಮಕ್ಕಳೊಡನೆ ಅಂಗಳಕ್ಕೆ ಬನ್ನಿ. ಎರಡೂ ಹೆಸರುಗಳನ್ನು ಹೇಳಿಕೊಡಿ.